ಗಂಡಸರ ಉರಿಮೂತ್ರ: ಮೊದಲು ಪರೀಕ್ಷೆ, ಆಮೇಲೆ ಮಾತ್ರೆ

ಮಾನ್ಯ ಸಂಪಾದಕರೇ,

ಗಂಡಸರಿಗೆ ಮೂತ್ರ ಮಾಡುವಾಗ ಉರಿ ಕಾಣಿಸಿಕೊಂಡರೆ ನಮ್ಮ ಊರುಗಳಲ್ಲಿ ನಡೆಯುವ ಕ್ರಮ ಬಹುತೇಕ ಒಂದೇ. ಮೊದಲ ದಿನ ‘ಉಷ್ಣ ಆಗಿದೆ’ ಎಂದು ಎಳನೀರು, ಬಾರ್ಲಿ ನೀರು. ಎರಡನೇ ದಿನ ಮೆಡಿಕಲ್ ಶಾಪಿನಲ್ಲಿ ಬೇರೆ ಗಿರಾಕಿ ಇಲ್ಲದ ಹೊತ್ತು ನೋಡಿ, ದನಿ ತಗ್ಗಿಸಿ ಕೇಳಿ ತಂದ ಐದಾರು ಮಾತ್ರೆ, ಜೊತೆಗೊಂದು ಸಿರಪ್ಪು. ಉರಿ ತಗ್ಗಿದ ಕೂಡಲೇ ಉಳಿದ ಮಾತ್ರೆ ಜೇಬಿನಲ್ಲೇ ಉಳಿಯುತ್ತದೆ. ಕೆಲವು ವಾರಗಳಲ್ಲಿ ಅದೇ ಉರಿ ಮತ್ತೆ ಬರುತ್ತದೆ. ಆಗ ಲ್ಯಾಬಿಗೆ ಬಂದು ಕೊಡುವ ಮೂತ್ರದಲ್ಲಿ ಆ್ಯಂಟಿಬಯಾಟಿಕ್ ಬೆರೆತಿರುತ್ತದೆ, ಕಲ್ಚರ್ (ಬ್ಯಾಕ್ಟೀರಿಯಾವನ್ನು ಲ್ಯಾಬಿನ ಪ್ಲೇಟಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿದರೆ ಏನೂ ಬೆಳೆಯುವುದಿಲ್ಲ. ಕಾಯಿಲೆ ಯಾವುದೆಂದು ತಿಳಿಯಲು ಇದ್ದ ಒಳ್ಳೆಯ ಅವಕಾಶವನ್ನು ಆ ಮೊದಲ ಎರಡು ಮಾತ್ರೆಗಳೇ ನುಂಗಿ ಹಾಕಿರುತ್ತವೆ. ಗಂಡಸರ ಉರಿಮೂತ್ರ ಒಂದೇ ಕಾಯಿಲೆಯಲ್ಲವಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಉದ್ದವಿದ್ದರೆ ಗಂಡಸರದ್ದು 18ರಿಂದ 20 ಸೆಂ.ಮೀ. ಕರುಳಿನಲ್ಲಿರುವ ಇ.ಕೋಲೈ ಬ್ಯಾಕ್ಟೀರಿಯಾ ಅಷ್ಟು ದೂರ ಏರಿ ಮೂತ್ರಕೋಶ ಸೇರುವುದು ಸುಲಭವಲ್ಲ. ಸೇರಿದೆ ಎಂದಾದರೆ ಅದಕ್ಕೊಂದು ದಾರಿ ಸಿಕ್ಕಿದೆ ಎಂದರ್ಥ. 50 ದಾಟಿದವರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರಕೋಶ ಪೂರ್ತಿ ಖಾಲಿಯಾಗದಿರುವುದು, ಕಲ್ಲು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಈಚೆಗೆ ಹಾಕಿಸಿಕೊಂಡ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ಕೊಳವೆ), ಹಿಂದೆ ಸರಿಯದ ಬಿಗಿ ಮುಂದೊಗಲು, ಮೂತ್ರನಾಳ ಒಳಗೇ ಕಿರಿದಾಗಿರುವುದು, ಇವು ಸಾಮಾನ್ಯ ಕಾರಣಗಳು. ಇಪ್ಪತ್ತು, ಮೂವತ್ತರ ಹರೆಯದವರ ಲೆಕ್ಕ ಬೇರೆ. ಅವರಲ್ಲಿ ಉರಿ ಬಂದರೆ ಮೂತ್ರಕೋಶಕ್ಕಿಂತ ಮೂತ್ರನಾಳದ ಸೋಂಕಿನ ಬಗ್ಗೆಯೇ ಮೊದಲು ಯೋಚಿಸಬೇಕು. ಗೊನೊರಿಯಾ, ಕ್ಲಮಿಡಿಯಾ ಎಂಬ ಈ ಸೋಂಕುಗಳು ಲೈಂಗಿಕ ಸಂಪರ್ಕದಿಂದ ಬರುವಂಥವು. ಇವೆರಡು ಗುಂಪಿಗೆ ಪರೀಕ್ಷೆ ಬೇರೆ, ಔಷಧಿ ಬೇರೆ, ಕೊನೆಗೆ ಕೊಡಬೇಕಾದ ಮೂತ್ರವೂ ಬೇರೆ.

ಮೂತ್ರಕೋಶದ ಸೋಂಕಿನ ಅನುಮಾನವಿದ್ದರೆ ಕೊಡಬೇಕಾದದ್ದು ನಡುಧಾರೆಯ ಮೂತ್ರ. ಕೈಯನ್ನು ಸೋಪಿನಿಂದ ತೊಳೆದು, ಮುಂದೊಗಲನ್ನು ಪೂರ್ತಿ ಹಿಂದೆ ಸರಿಸಿ, ತುದಿಯನ್ನು ಬರೀ ನೀರಿನಲ್ಲಿ ತೊಳೆದು ಒರೆಸಿಕೊಳ್ಳಬೇಕು. ಡೆಟಾಲ್, ಸ್ಯಾವ್ಲಾನ್ ಹಾಕಬಾರದು, ಅದರ ಒಂದೆರಡು ಹನಿ ಡಬ್ಬಿಗೆ ಬಿದ್ದರೂ ಬ್ಯಾಕ್ಟೀರಿಯಾ ಬೆಳೆಯದಿರಬಹುದು. ಮೊದಲ ಧಾರೆಯನ್ನು ಕಮೋಡಿಗೆ ಬಿಟ್ಟು, ಧಾರೆ ನಿಲ್ಲಿಸದೆ ಡಬ್ಬಿಯನ್ನು ಅಡ್ಡ ಹಿಡಿದು 20–30 ಎಂ.ಎಲ್. ತುಂಬಿಸಿ, ಉಳಿದದ್ದನ್ನು ಮತ್ತೆ ಕಮೋಡಿಗೆ ಬಿಡಬೇಕು. ಡಬ್ಬಿ ಲ್ಯಾಬಿನವರೇ ಕೊಟ್ಟ ಸ್ಟೆರೈಲ್ ಡಬ್ಬಿಯೇ ಆಗಿರಬೇಕು. ಮನೆಯಿಂದ ಹಾರ್ಲಿಕ್ಸ್ ಬಾಟಲಿಯಲ್ಲೋ ಹಳೆಯ ಸಿರಪ್ ಸೀಸೆಯಲ್ಲೋ ತರುವುದು ಈಗಲೂ ನಿಂತಿಲ್ಲ. ಮೂತ್ರ ಹಿಡಿದ ಎರಡು ಗಂಟೆಯೊಳಗೆ ಲ್ಯಾಬು ಸೇರಬೇಕು. ಆಗದಿದ್ದರೆ ಫ್ರಿಜ್ಜಿನಲ್ಲಿ (ಫ್ರೀಜರಿನಲ್ಲಲ್ಲ) ಇಟ್ಟು 24 ಗಂಟೆಯೊಳಗೆ ಕೊಡಬಹುದು. ಬೆಳಿಗ್ಗೆ ಹಿಡಿದ ಡಬ್ಬಿಯನ್ನು ಬೈಕಿನ ಡಿಕ್ಕಿಯಲ್ಲಿಟ್ಟು, ಕೆಲಸವೆಲ್ಲ ಮುಗಿಸಿ ಮಧ್ಯಾಹ್ನ ಕೊಟ್ಟರೆ ಬೇಸಿಗೆಯ ಬಿಸಿಗೆ ಚರ್ಮದ ಮೇಲಿನ ಬ್ಯಾಕ್ಟೀರಿಯಾವೇ ಲಕ್ಷಗಟ್ಟಲೆ ಆಗಿರುತ್ತದೆ. ವರದಿಯಲ್ಲಿ ‘ಮೂರು ಬಗೆಯ ಬ್ಯಾಕ್ಟೀರಿಯಾ ಬೆಳೆದಿದೆ’ ಎಂದಿದ್ದರೆ ಅದು ಕಾಯಿಲೆಗಿಂತ ಹೆಚ್ಚಾಗಿ ಕೆಟ್ಟ ಸ್ಯಾಂಪಲ್ಲಿನ ಗುರುತು. ಮತ್ತೆ ಕೊಡಬೇಕು.

ಗೊನೊರಿಯಾ, ಕ್ಲಮಿಡಿಯಾ ಅನುಮಾನಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇದ್ದು, ತೊಳೆಯದೆ, ಮೊಟ್ಟಮೊದಲ ಧಾರೆಯ 20–30 ಎಂ.ಎಲ್. ಅನ್ನೇ ಡಬ್ಬಿಗೆ ಹಿಡಿಯಬೇಕು. ಈ ಜೀವಿಗಳು ಇರುವುದು ಮೂತ್ರನಾಳದ ಒಳಗೋಡೆಯಲ್ಲಿ, ಮೊದಲ ಧಾರೆ ಅದನ್ನು ತೊಳೆದುಕೊಂಡು ಬರುತ್ತದೆ. ಇದನ್ನು ಜೀವಿಯ ವಂಶವಾಹಿಯನ್ನು ಹುಡುಕುವ ನ್ಯಾಟ್ ಅಥವಾ ಪಿಸಿಆರ್ ಪರೀಕ್ಷೆಗೆ ಕಳಿಸುತ್ತಾರೆ. ಕೀವು ಸೋರುತ್ತಿದ್ದರೆ ಗಾಜಿನ ಪಟ್ಟಿಗೆ ಸವರಿ ಗ್ರಾಂ ಸ್ಟೇನ್ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು, ಬಿಳಿ ರಕ್ತಕಣದೊಳಗೆ ಜೋಡಿ ಜೋಡಿಯಾಗಿ ಕೂತ ಗೊನೊಕಾಕಸ್ (ಗೊನೊರಿಯಾ ತರುವ ಜೀವಿ) ಅರ್ಧ ಗಂಟೆಯಲ್ಲಿ ಕಣ್ಣಿಗೆ ಬೀಳುತ್ತದೆ. ದುಬಾರಿ ಯಂತ್ರವೇನೂ ಬೇಡ.

ಈಗ ನಡೆಯುತ್ತಿರುವ ಎಡವಟ್ಟು ನೋಡಿ. ಗೊನೊರಿಯಾ ಇರುವ ಯುವಕ ಸಾಮಾನ್ಯ ಕಲ್ಚರ್‌ಗೆ ನಡುಧಾರೆಯ ಮೂತ್ರ ಕೊಡುತ್ತಾನೆ. ಮೂತ್ರದ ಕಲ್ಚರ್‌ಗೆ ಬಳಸುವ ಮಾಮೂಲಿ ಪ್ಲೇಟಿನಲ್ಲಿ ಗೊನೊಕಾಕಸ್ ಬೆಳೆಯುವುದಿಲ್ಲ, ಕ್ಲಮಿಡಿಯಾ ಅಂತೂ ಜೀವಕೋಶದೊಳಗಲ್ಲದೆ ಬೇರೆಲ್ಲೂ ಬದುಕದು. ವರದಿ ಹೀಗೆ ಬರುತ್ತದೆ: ಪಸ್ ಸೆಲ್ಸ್ (ಕೀವುಕಣ) ‘ತುಂಬಾ’, ಕಲ್ಚರ್ ‘ಬೆಳವಣಿಗೆ ಇಲ್ಲ’. ಅವನು ನಿಟ್ಟುಸಿರು ಬಿಟ್ಟು ‘ಸೋಂಕಿಲ್ಲ, ಬರೀ ಉಷ್ಣ’ ಎಂದುಕೊಂಡು ಮನೆಗೆ ಹೋಗುತ್ತಾನೆ. ಕೀವುಕಣ ಇದ್ದು ಬೆಳವಣಿಗೆ ಇಲ್ಲದ ವರದಿ ‘ನಾರ್ಮಲ್’ ವರದಿಯಲ್ಲ. ಮೊದಲೇ ಆ್ಯಂಟಿಬಯಾಟಿಕ್ ತಿಂದಿರಬಹುದು. ಲೈಂಗಿಕ ಸೋಂಕಿರಬಹುದು. ಕಲ್ಲು ಇರಬಹುದು. ನಮ್ಮ ದೇಶದಲ್ಲಿ ಮರೆಯಲೇಬಾರದ ಇನ್ನೊಂದು ಕಾರಣ ಮೂತ್ರಾಂಗದ ಕ್ಷಯ. ವಾರಗಟ್ಟಲೆ ಉರಿ, ಪದೇ ಪದೇ ಮೂತ್ರಕ್ಕೆ ಹೋಗುವುದು, ಆಗೀಗ ರಕ್ತ, ಕಲ್ಚರ್‌ನಲ್ಲಿ ಮಾತ್ರ ಏನೂ ಇಲ್ಲ ಎನ್ನುವವರು ಮೂರು ದಿನ ಬೆಳಗಿನ ಮೊದಲ ಮೂತ್ರವನ್ನು ಟಿ.ಬಿ. ಪರೀಕ್ಷೆಗೆ ಕೊಡಬೇಕು. ಇಂಥವರಿಗೆ ಲಿವೊಫ್ಲಾಕ್ಸಾಸಿನ್ ಮಾತ್ರೆ ಕೊಟ್ಟರೆ ಕೆಲವು ದಿನ ಹಾಯೆನಿಸುತ್ತದೆ, ಏಕೆಂದರೆ ಅದು ಟಿ.ಬಿ. ಜೀವಿಯನ್ನೂ ಒಂದಿಷ್ಟು ಅದುಮುತ್ತದೆ. ರೋಗ ಪತ್ತೆಯಾಗುವುದು ಮಾತ್ರ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ.

ಇನ್ನು ಕಲ್ಚರ್‌ನಲ್ಲಿ ಇ.ಕೋಲೈ ಬೆಳೆದೇ ಬಂತು ಎನ್ನೋಣ. ವರದಿಯ ಕೆಳಗೆ ಔಷಧಿಗಳ ಪಟ್ಟಿ ಇರುತ್ತದೆ. ಎಸ್ ಎಂದರೆ ಕೆಲಸ ಮಾಡುತ್ತದೆ, ಆರ್ ಎಂದರೆ ಮಾಡದು. ಅನೇಕರು ಈ ಪಟ್ಟಿಯನ್ನೇ ಮೆಡಿಕಲ್ ಶಾಪಿಗೆ ಒಯ್ದು ‘ಎಸ್ ಇರುವ ಒಂದು ಮಾತ್ರೆ ಕೊಡಿ’ ಎನ್ನುತ್ತಾರೆ. ಪಟ್ಟಿ ಹೇಳುವುದು ಪ್ಲೇಟಿನ ಮೇಲಿನ ಸಂಗತಿಯನ್ನು. ಔಷಧಿ ಗಂಡಸಿನ ಪ್ರಾಸ್ಟೇಟ್‌ನೊಳಗೆ ಇಳಿಯುತ್ತದೋ ಇಲ್ಲವೋ ಎನ್ನುವುದನ್ನು ಅದು ಹೇಳುವುದಿಲ್ಲ. ನೈಟ್ರೊಫ್ಯುರಾಂಟಾಯಿನ್ ಎದುರು ಬಹುತೇಕ ವರದಿಗಳಲ್ಲಿ ಎಸ್ ಎಂದೇ ಇರುತ್ತದೆ, ಹೆಂಗಸರ ಮೂತ್ರಕೋಶದ ಸೋಂಕಿಗೆ ಅದು ಉತ್ತಮ ಔಷಧಿಯೂ ಹೌದು. ಆದರೆ ಅದು ಮೂತ್ರದಲ್ಲಿ ಮಾತ್ರ ಸಾಂದ್ರವಾಗುತ್ತದೆ, ಪ್ರಾಸ್ಟೇಟ್ ಅಂಗಾಂಶದಲ್ಲಿ ಸಾಕಷ್ಟು ನಿಲ್ಲುವುದಿಲ್ಲ. ಗಂಡಸಿನ ಸೋಂಕು ಪ್ರಾಸ್ಟೇಟ್‌ಗೆ ಹೊಕ್ಕಿದ್ದರೆ ಮೂತ್ರ ತಿಳಿಯಾಗಿ ಉರಿ ಹೋಗುತ್ತದೆ, ಗ್ರಂಥಿಯೊಳಗೆ ಜೀವಿ ಉಳಿದು ತಿಂಗಳ ಮೇಲೆ ಅದೇ ಇ.ಕೋಲೈ ಹೊರಬರುತ್ತದೆ. ಪ್ರಾಸ್ಟೇಟ್‌ಗೆ ಚೆನ್ನಾಗಿ ಇಳಿಯುವವು ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಗುಂಪು ಮತ್ತು ಕೋಟ್ರೈಮಾಕ್ಸಜೋಲ್. ಭಾರತದಲ್ಲಿ ಇ.ಕೋಲೈ ಮೊದಲನೇ ಗುಂಪಿಗೆ ಬಹಳವಾಗಿ ಒಗ್ಗಿಹೋಗಿದೆ, ಆದ್ದರಿಂದಲೇ ಕಲ್ಚರ್ ಇಲ್ಲದೆ ಅದನ್ನು ಕೊಡುವುದು ಕಣ್ಣುಮುಚ್ಚಿ ಕಲ್ಲೆಸೆದ ಹಾಗೆ. ಆ ಗುಂಪು ಹಿಮ್ಮಡಿಯ ಸ್ನಾಯುರಜ್ಜುವಿಗೆ ಪೆಟ್ಟು ಕೊಡಬಲ್ಲದು, ಅರವತ್ತು ದಾಟಿದವರಿಗೆ ಮತ್ತು ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಈ ಅಪಾಯ ಹೆಚ್ಚು. ಸಕ್ಕರೆ ಮಾತ್ರೆ ನುಂಗುವವರಲ್ಲಿ ಸಕ್ಕರೆಯನ್ನು ದಿಢೀರನೆ ಇಳಿಸಬಹುದು. ಕೋಟ್ರೈಮಾಕ್ಸಜೋಲ್ ಅನ್ನು ಬಿ.ಪಿ.ಯ ಟೆಲ್ಮಿಸಾರ್ಟಾನ್, ರ್‍ಯಾಮಿಪ್ರಿಲ್ ಜೊತೆ ತೆಗೆದುಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು. ಸಲ್ಫಾ ಅಲರ್ಜಿ ಇರುವವರು ಅದನ್ನು ಮುಟ್ಟಲೇಬಾರದು. ಉರಿಗೆ ಕೊಡುವ ಸಿಟ್ರೇಟ್ ಸಿರಪ್ಪು ಮೂತ್ರದ ಆಮ್ಲವನ್ನು ತಗ್ಗಿಸಿ ಹಾಯೆನಿಸುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ನೈಟ್ರೊಫ್ಯುರಾಂಟಾಯಿನ್ ಜೊತೆಗೆ ಕುಡಿದರೆ ಆ ಮಾತ್ರೆಯ ಬಲವನ್ನೇ ಕುಗ್ಗಿಸುತ್ತದೆ. ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯುವ ರೂಢಿ ಬಿಡಬೇಕು.

ಎಷ್ಟು ದಿನ ತೆಗೆದುಕೊಳ್ಳಬೇಕು? ಜ್ವರವಿಲ್ಲದ ಗಂಡಸಿಗೆ ಸರಿಯಾದ ಔಷಧಿ 7 ದಿನ ಸಾಕು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 7 ದಿನಕ್ಕೂ 14 ದಿನಕ್ಕೂ ಗುಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಳಿ ಹಿಡಿದು ಜ್ವರ, ಮೂಲದ್ವಾರದ ಮುಂಭಾಗದಲ್ಲಿ ಒತ್ತಿದಂಥ ನೋವು, ಧಾರೆ ಸಣ್ಣಗಾಗುವುದು, ಇವಿದ್ದರೆ ಅದು ಪ್ರಾಸ್ಟೇಟ್‌ನ ತೀವ್ರ ಸೋಂಕು. ಚಿಕಿತ್ಸೆ 2ರಿಂದ 4 ವಾರ, ಮೊದಲ ದಿನಗಳಲ್ಲಿ ಇಂಜೆಕ್ಷನ್ ಬೇಕಾಗಬಹುದು. ಈ ಹೊತ್ತಿನಲ್ಲಿ ಪ್ರಾಸ್ಟೇಟನ್ನು ಜೋರಾಗಿ ಒತ್ತಿ ಪರೀಕ್ಷಿಸಬಾರದು, ಸೋಂಕು ರಕ್ತಕ್ಕೆ ನುಗ್ಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಬಳಸುವ ಪಿ.ಎಸ್.ಎ. ರಕ್ತಪರೀಕ್ಷೆಯನ್ನೂ ಮಾಡಿಸಬಾರದು. ಸೋಂಕಿನಿಂದಲೇ ಅದು ಏರಿರುತ್ತದೆ, ಮನೆಯವರೆಲ್ಲ ಕ್ಯಾನ್ಸರ್ ಎಂದು ನಿದ್ದೆಗೆಡುತ್ತಾರೆ. ಗುಣವಾಗಿ ಆರು ವಾರವಾದರೂ ಕಳೆಯಲಿ.

ವೃಷಣದ ನೋವಿನ ಬಗ್ಗೆ ಮಾತ್ರ ಅವಸರ ಮಾಡಲೇಬೇಕು. ಹುಡುಗನಿಗೋ ಯುವಕನಿಗೋ ಒಂದು ಕಡೆಯ ವೃಷಣ ಇದ್ದಕ್ಕಿದ್ದಂತೆ ಸಹಿಸಲಾಗದಷ್ಟು ನೋಯತೊಡಗಿ ವಾಂತಿಯಾದರೆ, ಬೇರೆ ರೀತಿ ಸಾಬೀತಾಗುವವರೆಗೂ ಅದನ್ನು ವೃಷಣ ತಿರುಚಿಕೊಂಡಿದೆ ಎಂದೇ ತಿಳಿಯಬೇಕು. ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಉಳಿಯುತ್ತದೆ, ತಡವಾದಷ್ಟೂ ಉಳಿಯುವ ಸಾಧ್ಯತೆ ಬೇಗ ಬೇಗ ಕುಸಿಯುತ್ತದೆ. ‘ಇನ್‌ಫೆಕ್ಷನ್ ಇರಬೇಕು, ಎರಡು ದಿನ ಮಾತ್ರೆ ತಿಂದು ನೋಡಿ’ ಎಂಬ ಸಲಹೆಗೆ ಹುಡುಗ ತೆರುವ ಬೆಲೆ ಒಂದು ವೃಷಣ.

ಸ್ಕ್ಯಾನ್ ಮಾಡಿಸುವವರಿಗೊಂದು ಮಾತು. ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆ ಎಂಬ ಅಳತೆ ವಯಸ್ಸಾದವರಲ್ಲಿ ಬಹು ಮುಖ್ಯ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಂದೂವರೆ ಲೀಟರ್ ನೀರು ಕುಡಿಸಿ, ಎರಡು ಗಂಟೆ ಸಾಲಿನಲ್ಲಿ ಕೂರಿಸಿ, ಹೊಟ್ಟೆ ಬಿರಿಯುವಂತಾದಾಗ ‘ಹೋಗಿ ಬನ್ನಿ’ ಎನ್ನುತ್ತಾರೆ. ಅತಿಯಾಗಿ ಹಿಗ್ಗಿದ ಮೂತ್ರಕೋಶ ಒಂದೇ ಸಲಕ್ಕೆ ಖಾಲಿಯಾಗುವುದಿಲ್ಲ. ವರದಿಯಲ್ಲಿ 150 ಎಂ.ಎಲ್. ಉಳಿದಿದೆ ಎಂದು ಬಂದು ಆರೋಗ್ಯವಂತನೂ ರೋಗಿಯಾಗುತ್ತಾನೆ. ಸಾಮಾನ್ಯವಾಗಿ ಅವಸರವಾಗುವಷ್ಟು ತುಂಬಿದಾಗ ಹೋಗಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಪ್ರಯತ್ನಿಸಿ, ಆಮೇಲೆ ಅಳೆಸಿಕೊಳ್ಳಿ.

ಸಕ್ಕರೆ ಕಾಯಿಲೆಯವರಲ್ಲಿ ಈಚಿನ ವರ್ಷಗಳಲ್ಲಿ ಹೆಚ್ಚಾಗಿರುವ ಇನ್ನೊಂದು ಗಾಬರಿ, ತುದಿಯಲ್ಲಿ ತುರಿಕೆ, ಕೆಂಪು, ಮುಂದೊಗಲಿನಡಿ ಬಿಳಿ ಪದರ, ಒಡೆದ ಚರ್ಮಕ್ಕೆ ಮೂತ್ರ ತಾಗಿದಾಗ ಉರಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ. ಆ ಸಿಹಿಯಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆಯುತ್ತದೆ. ಇದು ಯಾರಿಂದಲೋ ಅಂಟಿಕೊಂಡು ಬಂದ ಕಾಯಿಲೆಯಲ್ಲ. ದಿನಕ್ಕೆ ಎರಡು ಸಲ, ಸಾಧ್ಯವಾದರೆ ಪ್ರತಿ ಸಲ ಮೂತ್ರ ಮಾಡಿದ ಮೇಲೂ ಬರೀ ನೀರಿನಲ್ಲಿ ತೊಳೆದು, ಒರೆಸಿ, ಒಣಗಿದ ಮೇಲೆ ಮುಂದೊಗಲನ್ನು ಮುಂದಕ್ಕೆ ತರಬೇಕು. 1 ಶೇಕಡಾ ಕ್ಲೋಟ್ರೈಮಜೋಲ್ ಕ್ರೀಮನ್ನು ದಿನಕ್ಕೆರಡು ಸಲ, 1ರಿಂದ 2 ವಾರ ತೆಳ್ಳಗೆ ಹಚ್ಚಬೇಕು. ಸ್ಟೀರಾಯ್ಡ್, ಆ್ಯಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರೂ ಬೆರೆಸಿದ ಟ್ಯೂಬುಗಳು ಒಂದೇ ದಿನದಲ್ಲಿ ತುರಿಕೆ ನಿಲ್ಲಿಸುತ್ತವೆ, ಚರ್ಮವನ್ನು ತೆಳುವಾಗಿಸಿ ಶಿಲೀಂಧ್ರವನ್ನು ಬೆಳೆಸುತ್ತವೆ. ವೈದ್ಯರನ್ನು ಕೇಳದೆ ಸಕ್ಕರೆ ಮಾತ್ರೆ ನಿಲ್ಲಿಸಬೇಡಿ. ಈ ಮಾತ್ರೆ ತಿನ್ನುವವರ ಮೂತ್ರದ ವರದಿಯಲ್ಲಿ ‘ಶುಗರ್ ನಾಲ್ಕು ಪ್ಲಸ್’ ಬಂದೇ ಬರುತ್ತದೆ, ರಕ್ತದ ಸಕ್ಕರೆ ಚೆನ್ನಾಗಿದ್ದರೂ. ಅದನ್ನು ನೋಡಿ ಹೆದರಬೇಕಿಲ್ಲ. ಹೆದರಬೇಕಾದದ್ದು ವೃಷಣ ಚೀಲದಿಂದ ಮೂಲದ್ವಾರದವರೆಗಿನ ಜಾಗ ಊದಿ, ಕೆಂಪಾಗಿ, ಮುಟ್ಟಲಾಗದಷ್ಟು ನೋವು, ಜ್ವರ ಬಂದಾಗ. ಅಪರೂಪವಾದರೂ ಅದು ಜೀವ ತೆಗೆಯುವ ಸೋಂಕು, ಅದೇ ರಾತ್ರಿ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಬೇಕು.

ಮನೆಗಳಲ್ಲಿ ನಡೆಯುವ ಜಗಳದ ವಿಷಯ. ಗಂಡನಿಗೆ ಮೂತ್ರದ ಸೋಂಕು ಎಂದ ಮಾತ್ರಕ್ಕೆ ಅವನ ಶೀಲ ಶಂಕಿಸುವ ಹೆಂಡತಿಯರಿದ್ದಾರೆ, ಹೆಂಡತಿಗೆ ಬಂದ ಸೋಂಕಿಗೆ ಅವಳನ್ನೇ ದೂರುವ ಗಂಡಂದಿರು ಇನ್ನೂ ಹೆಚ್ಚು. ಇ.ಕೋಲೈ ಇಬ್ಬರದೂ ಸ್ವಂತ ಕರುಳಿನದು, ಅದು ಯಾವ ಸಂಬಂಧಕ್ಕೂ ಸಾಕ್ಷಿಯಲ್ಲ. ನೋವು, ಉರಿ ಕಡಿಮೆಯಾದ ಮೇಲೆ ಎಂದಿನಂತೆ ಕೂಡಬಹುದು. ಗೊನೊರಿಯಾ, ಕ್ಲಮಿಡಿಯಾ ಹಾಗಲ್ಲ. ಗೊನೊರಿಯಾ ಸಾಮಾನ್ಯವಾಗಿ 2ರಿಂದ 5 ದಿನದಲ್ಲಿ ದಪ್ಪ ಹಳದಿ ಕೀವಾಗಿ ತೋರುತ್ತದೆ. ಕ್ಲಮಿಡಿಯಾ 1ರಿಂದ 3 ವಾರ ತೆಗೆದುಕೊಂಡು ಬೆಳಿಗ್ಗೆ ಒಳಉಡುಪಿನ ಮೇಲಿನ ತೆಳು ಕಲೆಯಾಗಿ ಕಾಣಬಹುದು, ಕಾಣದೆಯೂ ಇರಬಹುದು. ಹೆಂಗಸರಲ್ಲಿ ಇವೆರಡೂ ಹೆಚ್ಚಾಗಿ ಯಾವ ಸೂಚನೆಯನ್ನೂ ಕೊಡದೆ ಗರ್ಭನಾಳಗಳನ್ನು ಹಾಳುಮಾಡುತ್ತವೆ, ಹೆರಿಗೆಯಲ್ಲಿ ಮಗುವಿನ ಕಣ್ಣಿಗೂ ತಾಗುತ್ತವೆ. ಗಂಡ ಗುಟ್ಟಾಗಿ ಮಾತ್ರೆ ನುಂಗಿ ವಾಸಿಯಾದರೆ ಪ್ರಯೋಜನವಿಲ್ಲ, ಹೆಂಡತಿಯಿಂದ ಅವನಿಗೇ ಮರಳಿ ಬರುತ್ತದೆ. ಹಿಂದಿನ 60 ದಿನಗಳಲ್ಲಿ ಸಂಪರ್ಕವಿದ್ದ ಎಲ್ಲರಿಗೂ ಚಿಕಿತ್ಸೆಯಾಗಬೇಕು, ಆದ ಮೇಲೂ 7 ದಿನ ಸಂಪರ್ಕ ಬೇಡ. ಅದೇ ದಿನ ಸಿಫಿಲಿಸ್ ಮತ್ತು ಎಚ್‌.ಐ.ವಿ. ರಕ್ತಪರೀಕ್ಷೆ ಮಾಡಿಸಬೇಕು. ಎಚ್‌.ಐ.ವಿ.ಯನ್ನು ಮೂರು ತಿಂಗಳಿಗೆ ಮತ್ತೊಮ್ಮೆ.

ಇದಕ್ಕೆಲ್ಲ ಸಾವಿರಾರು ರೂಪಾಯಿ ಬೇಕಿಲ್ಲ. ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಹೆಸರಿನ ಕೇಂದ್ರಗಳಿವೆ, ಪರೀಕ್ಷೆ, ಔಷಧಿ ಎರಡೂ ಉಚಿತ. ಎಚ್‌.ಐ.ವಿ. ಸ್ಥಿತಿಯನ್ನು ಹೊರಗೆ ಬಿಟ್ಟುಕೊಡುವುದನ್ನು 2017ರ ಕಾಯ್ದೆಯೇ ತಡೆಯುತ್ತದೆ. ಎಲ್ಲಿಗೆ ಹೋಗಬೇಕು ಎಂದು ಕೇಳಲು 1097 ಉಚಿತ ಸಹಾಯವಾಣಿ ಇದೆ. ಕ್ಲಿನಿಕ್ಕಿಗೆ ಹೋದಾಗ ಯಾವಾಗ ಸಂಪರ್ಕವಾಯಿತು, ಕಾಂಡೋಮ್ ಇತ್ತೇ, ಬಾಯಿ ಅಥವಾ ಗುದದ ಮೂಲಕವೇ, ಗಂಡಸಿನೊಂದಿಗೇ ಹೆಂಗಸಿನೊಂದಿಗೇ ಎನ್ನುವುದನ್ನು ನೇರವಾಗಿ ಹೇಳಬೇಕು. ಗಂಟಲಿನಿಂದಲೋ ಗುದದಿಂದಲೋ ಸ್ಯಾಂಪಲ್ ತೆಗೆಯಬೇಕೇ ಎಂದು ವೈದ್ಯರು ನಿರ್ಧರಿಸುವುದು ಅದರ ಮೇಲೆಯೇ.

ಸೋಂಕಿನ ನಂತರ ‘ಶಕ್ತಿ ಹೋಯಿತು’ ಎಂದು ಕೊರಗುವವರ ಸಂಖ್ಯೆ ದೊಡ್ಡದು. ಮೂತ್ರಕೋಶದ ಸೋಂಕು ನಿಮಿರುವಿಕೆಯ ನರಗಳನ್ನು ಕೆಡಿಸುವುದಿಲ್ಲ. ಪ್ರಾಸ್ಟೇಟ್ ಊತದಲ್ಲಿ ಸ್ಖಲನದ ವೇಳೆ ನೋವು, ವೀರ್ಯದಲ್ಲಿ ರಕ್ತದ ಛಾಯೆ ಕಾಣಬಹುದು, ಚಿಕಿತ್ಸೆಯಿಂದ ಹೋಗುತ್ತದೆ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆಯಿಂದ ವೀರ್ಯ ಹೊರಬರುವುದು ಕಡಿಮೆಯಾಗಬಹುದು, ಮಾತ್ರೆ ನಿಂತರೆ ಸರಿಹೋಗುತ್ತದೆ. ಮಾತ್ರೆ ಬರೆಯುವಾಗಲೇ ಇದನ್ನು ಹೇಳಿದರೆ ಎಷ್ಟೋ ಜನರ ದಿಗಿಲು ತಪ್ಪೀತು. ಮಕ್ಕಳಾಗಲಿಲ್ಲವೆಂದು ವೀರ್ಯ ಪರೀಕ್ಷೆಗೆ ಹೋಗುವವರು ಜ್ವರ ಬಂದು ಮೂರು ತಿಂಗಳಾದ ಮೇಲೆ ಹೋಗಲಿ, ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ. ಊಟದ ನಂತರ ಮೂತ್ರ ಸುಣ್ಣದ ನೀರಿನಂತೆ ಬಂದರೆ ‘ಧಾತು ಹೋಗುತ್ತಿದೆ’ ಎಂದು ಕಂಗಾಲಾಗುವ ಹುಡುಗರಿದ್ದಾರೆ. ಹೆಚ್ಚಾಗಿ ಅದು ಫಾಸ್ಫೇಟ್ ಲವಣ. ಲೋಟದಲ್ಲಿ ಹಿಡಿದು ಕೆಲವು ಹನಿ ವಿನೆಗರ್ ಬಿಟ್ಟರೆ ಕಣ್ಣೆದುರೇ ತಿಳಿಯಾಗುತ್ತದೆ.

ಈ ಕೊರಗಿನ ಮೇಲೆಯೇ ಒಂದು ವ್ಯಾಪಾರ ನಿಂತಿದೆ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ 3ನೇ ಸೆಕ್ಷನ್ ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೇವೆ, ಲೈಂಗಿಕ ರೋಗ ಗುಣಪಡಿಸುತ್ತೇವೆ ಎಂಬ ಔಷಧಿ ಜಾಹೀರಾತನ್ನು ನಿಷೇಧಿಸಿದೆ, ಪ್ರಕಟಣೆಯಲ್ಲಿ ಪಾಲ್ಗೊಂಡವರಿಗೂ ಅದು ಅನ್ವಯಿಸುತ್ತದೆ. ಆದರೂ ‘ಗುಪ್ತ ಸಮಸ್ಯೆ, ಶಾಶ್ವತ ಪರಿಹಾರ’ದ ಚೌಕಗಳು ಕನ್ನಡ ಪತ್ರಿಕೆಗಳ ವರ್ಗೀಕೃತ ಪುಟದಲ್ಲಿ ಕಾಣುತ್ತಲೇ ಇವೆ. ಇಂಥ ಪುಡಿ, ಲೇಹ್ಯಗಳಲ್ಲಿ ಹೇಳದೆ ಬೆರೆಸಿದ ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧಿ) ಅನ್ನು ಹಲವು ದೇಶಗಳ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆ ಮಾಡಿದ್ದಾರೆ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಬಳಸುವವನು ಅದನ್ನು ತಿಂದರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಮೆಡಿಕಲ್ ಶಾಪುಗಳ ಮಾತೂ ಅಷ್ಟೇ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್‌-1 ಪಟ್ಟಿಯಲ್ಲಿ ಲಿವೊಫ್ಲಾಕ್ಸಾಸಿನ್, ಸೆಫಿಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಇವೆ. ವೈದ್ಯರ ಚೀಟಿ ಇಲ್ಲದೆ ಅವನ್ನು ಕೊಡುವಂತಿಲ್ಲ, ಕೊಟ್ಟದ್ದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಔಷಧ ನಿಯಂತ್ರಣ ಇಲಾಖೆ ಆ ರಿಜಿಸ್ಟರುಗಳನ್ನು ತೆರೆಸಿ ನೋಡಲಿ. ತಮ್ಮ ಪತ್ರಿಕೆ ಅಂಥ ಜಾಹೀರಾತುಗಳನ್ನು ನಿಲ್ಲಿಸಿ, ಆ ಜಾಗದಲ್ಲಿ ಜಿಲ್ಲೆಯ ಸುರಕ್ಷಾ ಕ್ಲಿನಿಕ್ಕುಗಳ ವಿಳಾಸ ಮತ್ತು ಸಮಯವನ್ನು ತಿಂಗಳಿಗೊಮ್ಮೆಯಾದರೂ ಅಚ್ಚು ಹಾಕಲಿ ಎಂದು ಕೋರುತ್ತೇವೆ.

ಮೂತ್ರರೋಗ ಚಿಕಿತ್ಸೆ ಮತ್ತು ಲ್ಯಾಬ್ ಕೆಲಸದಲ್ಲಿರುವ ಓದುಗರು,
ದಾವಣಗೆರೆ